ನಿಧಾನಕ್ಕನ ಅಳಿವೆ ದಾರಿ

ಅವರ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಬಾಯಿಮಾತಿಗೆ ಎಲ್ಲರಿಗೂ ಅವರು ನಿಧಾನಕ್ಕ. ನದಿ ಕಚೇರಿಯ ಜವಾನ, ಹಳೆ ಸೇತುವೆ ಪಕ್ಕದ ಚಹಾ ಅಂಗಡಿಯಾಕೆ, ಸಮುದ್ರದಂಡೆಯ ದೀಪಸ್ತಂಭದ ಕಾವಲುಗಾರ, ಎಲ್ಲರೂ ಹಾಗೇ ಕರೆಯುತ್ತಿದ್ದರು, ಅದೂ ಎದುರಿಗೇ. ಅವರು ಓಗೊಡುತ್ತಲೂ ಇದ್ದರು, ತುಸು ತಡವಾಗಿ.

ನಾನು ಆ ಕಚೇರಿಯಲ್ಲಿ ನಕ್ಷೆ ಬರೆಯುವವನು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನಿಧಾನಕ್ಕ ಅಲ್ಲಿ ಹದಿನೆಂಟು ವರ್ಷ ಕಳೆದಿದ್ದರು. ಅವರ ಕೆಲಸ ನೀರಿನ ಮಟ್ಟ ಓದುವುದು. ನಮ್ಮ ಊರಿನ ಹಳೆ ಸೇತುವೆ ದಾಟಿದ ಮೇಲೆ ನದಿಗೆ ಅವಸರವೇ ಇಲ್ಲ. ಅಲ್ಲಿಂದ ಹತ್ತೊಂಬತ್ತು ಕಿಲೋಮೀಟರು ಅದು ಅಗಲವಾಗುತ್ತ, ಉಪ್ಪಾಗುತ್ತ, ಎಲ್ಲಿ ನದಿ ಮುಗಿಯಿತು ಎಲ್ಲಿ ಸಮುದ್ರ ಶುರುವಾಯಿತು ಎಂದು ತಿಳಿಯದ ಹಾಗೆ ಹರಿದು ಹೋಗುತ್ತದೆ. ಈ ಅಳಿವೆಯ ಎಡದಂಡೆಯ ಉದ್ದಕ್ಕೂ ಮಣ್ಣಿನ ಏರಿ ಇದೆ. ಹನ್ನೊಂದು ಕಡೆ ನೀರಿನಲ್ಲಿ ಅಳತೆ ಹಲಗೆ ನೆಟ್ಟಿದ್ದಾರೆ: ಬಿಳಿ ಬಣ್ಣ, ಕಪ್ಪು ಗೀಟು, ಕೆಂಪು ಅಂಕಿ. ಸಮುದ್ರದ ಉಬ್ಬರ ನದಿಯೊಳಗೆ ಎಷ್ಟು ಎತ್ತರಕ್ಕೆ ನುಗ್ಗುತ್ತದೆ ಎಂದು ದಿನವೂ ತಿಳಿಯಬೇಕು; ತೂಬಿನ ಬಾಗಿಲುಗಳನ್ನು ತೆರೆಯುವುದು ಮುಚ್ಚುವುದು ಅದನ್ನು ನೋಡಿಕೊಂಡು. ಬೆಳಿಗ್ಗೆ ಸೇತುವೆಯಿಂದ ಸಮುದ್ರದ ಕಡೆಗೆ, ಮಧ್ಯಾಹ್ನ ಸಮುದ್ರದಿಂದ ಸೇತುವೆಯ ಕಡೆಗೆ, ನಿಧಾನಕ್ಕ ಸೈಕಲ್ ಮೇಲೆ ಹೋಗಿ ಹಲಗೆಗಳನ್ನು ಓದಿ ಬರುತ್ತಿದ್ದರು.

ಈ ಕೆಲಸ ಸಿಕ್ಕ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು. ಆಗ ಅವರಿಗೆ ಇಪ್ಪತ್ತೆರಡು ವರ್ಷ.

"ಸಂದರ್ಶನದಲ್ಲಿ, ಸೈಕಲ್ ಬರುತ್ತಾ ಅಂತ ಕೇಳಿದ್ರು. ಬರುತ್ತೆ ಅಂದೆ. ಯಾವಾಗ ಬರುತ್ತೆ ಅಂತ ಅವರು ಕೇಳಲಿಲ್ಲ."

ಕೆಲಸಕ್ಕೆ ಹಾಜರಾಗಲು ನಾಲ್ಕು ದಿನ ಇತ್ತು. ಚಿಕ್ಕಪ್ಪನ ಸೈಕಲ್ ತಂದು ಸೇತುವೆಯ ಪಕ್ಕದ ಇಳಿಜಾರಿನಲ್ಲಿ ಕಲಿಯತೊಡಗಿದರು. ಅಲ್ಲೇ ಎದುರಿಗೆ ಒಬ್ಬ ಟೈಲರ್ ಹೊಸದಾಗಿ ಅಂಗಡಿ ಹಾಕಿದ್ದ. ಚಿಕ್ಕಂದಿನಿಂದ ಒಂದು ಕಾಲು ಸೊಟ್ಟ, ಸೈಕಲ್ ಹತ್ತಿದವನೇ ಅಲ್ಲ. ಆದರೂ ಕಟ್ಟೆಯ ಮೇಲೆ ಕೂತು, "ಚಕ್ರ ನೋಡ್ಬೇಡ್ರಿ, ಮುಂದೆ ನೋಡ್ರಿ" ಎಂದು ಪಾಠ ಹೇಳುತ್ತಿದ್ದ. ಮೊದಲ ದಿನ ಬಿದ್ದು ಹರಿದುಕೊಂಡ ತೋಳನ್ನು ಹೊಲಿದು ಕೊಟ್ಟ. ಎರಡನೇ ದಿನ ಹರಿದ ಸೆರಗನ್ನೂ ಹೊಲಿದು ಕೊಟ್ಟ. ಮೂರನೇ ದಿನ ಏನೂ ಹರಿಯಲಿಲ್ಲ ಎಂದು ಬೇಜಾರು ಮಾಡಿಕೊಂಡ. ಮುಂದಿನ ವರ್ಷ ಇಬ್ಬರ ಮದುವೆಯಾಯಿತು.

"ಮದುವೆಗೆ ಇವಳು ಟೈಮಿಗೆ ಸರಿಯಾಗಿ ಬಂದ್ಲು" ಎಂದು ಟೈಲರ್ ಭಾವ ಈಗಲೂ ಹೇಳುತ್ತಾರೆ. "ಅವತ್ತು ಸೈಕಲ್ ಪಂಕ್ಚರ್ ಆಗಿತ್ತು, ಬಸ್ಸಲ್ಲಿ ಬಂದ್ಲು, ಅದಕ್ಕೆ."

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಒಂದರಲ್ಲಿ ಅಡುಗೆ, ಊಟ, ಮಗಳ ಓದು ಎಲ್ಲಾ. ಇನ್ನೊಂದರಲ್ಲಿ ಮಂಚ, ಕಿಟಕಿ, ಕಿಟಕಿಯ ಪಕ್ಕ ಗೋಡೆಗೆ ಉಬ್ಬರ ಇಳಿತದ ವೇಳಾಪಟ್ಟಿ. ಬೇರೆಯವರ ಮನೆಯಲ್ಲಿ ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡುವಂತೆ ಇವರ ಮನೆಯಲ್ಲಿ ಆ ಪಟ್ಟಿ ನೋಡಿ ಬಟ್ಟೆ ಒಗೆಯುವುದೂ ನೆಂಟರನ್ನು ಕರೆಯುವುದೂ ನಡೆಯುತ್ತಿತ್ತು. ಮಗಳು ಈಗ ಪುರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಮಾತು ಅಪ್ಪನದು, ನಡಿಗೆ ಅಮ್ಮನದು.

ನಿಧಾನಕ್ಕ ಯಾಕೆ ನಿಧಾನ ಎಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಹಲಗೆಗಳ ಜಾಗವನ್ನು ನಕ್ಷೆಯಲ್ಲಿ ಸರಿಪಡಿಸಬೇಕಿತ್ತು. ಅವರ ಜೊತೆ ಒಂದು ದಿನ ಹೋಗಿ ಬಾ ಎಂದರು. ಹೋದೆ. ನಾನೋ ಮೊದಲೇ ಅವಸರದವನು. ಪ್ರತಿ ಹಲಗೆಗೂ ಅವರಿಗಿಂತ ಮುಂಚೆ ಮುಟ್ಟಿ, ಸೈಕಲ್ ಒರಗಿಸಿ, ಕೈಕಟ್ಟಿ ಕಾಯುತ್ತಿದ್ದೆ. ಅವರು ಬಂದು, ಇಳಿದು, ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ನೀರನ್ನೇ ನೋಡುತ್ತ ನಿಲ್ಲುತ್ತಿದ್ದರು. ಮೂರನೇ ಹಲಗೆಯ ಹತ್ತಿರ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಅಲ್ಲೇ ಕಾಣ್ತಿದೆಯಲ್ಲ, ಒಂದು ಮೀಟರು ಎಂಬತ್ತು. ಇನ್ನೇನು ನೋಡೋದು?"

"ಈಗ ನೋಡು."

ಒಂದು ಅಲೆ ಬಂತು. ಒಂದು ತೊಂಬತ್ತಾಯಿತು. ಮತ್ತೆ ಇಳಿಯಿತು, ಒಂದು ಎಪ್ಪತ್ತೈದು.

"ನೀರು ಉಸಿರಾಡುತ್ತೆ" ಎಂದರು. "ಮೂವತ್ತು ಎಣಿಸ್ಬೇಕು. ಎಣಿಸೋದ್ರೊಳಗೆ ಎಲ್ಲಕ್ಕಿಂತ ಮೇಲೆ ಎಲ್ಲಿ ಹೋಯ್ತು, ಎಲ್ಲಕ್ಕಿಂತ ಕೆಳಗೆ ಎಲ್ಲಿ ಬಂತು, ಎರಡೂ ನೋಡಿ ನಡುವಿನದು ಬರ್ಕೋಬೇಕು. ಓಡಿಬಂದವರಿಗೆ ನೀರು ಸುಳ್ಳು ಹೇಳುತ್ತಪ್ಪ."

ಅಷ್ಟು ಹೇಳಿ ಪೆನ್ಸಿಲ್ಲನ್ನು ಕಿವಿಯ ಮೇಲಿಂದ ತೆಗೆದು ಬರೆದುಕೊಂಡರು. ಆಮೇಲೆ ನನ್ನನ್ನು ಕೇಳಿದರು, ಎರಡನೇ ಹಲಗೆಯಿಂದ ಇಲ್ಲಿಗೆ ಬರುವಾಗ ಏರಿಯಲ್ಲಿ ಹೊಸ ಬಿರುಕು ನೋಡಿದೆಯಾ ಎಂದು. ನಾನು ನೋಡಿರಲಿಲ್ಲ. ಏಡಿಗಳು ಏರಿಯ ಒಳಮೈಯಲ್ಲಿ ಬಿಲ ತೋಡಿದ್ದನ್ನೂ ನೋಡಿರಲಿಲ್ಲ. ಬಲೆ ರಿಪೇರಿ ಮಾಡುವ ಮುದುಕ ಇವತ್ತು ತನ್ನ ಜಾಗದಲ್ಲಿ ಇಲ್ಲದ್ದನ್ನು ಸಹ ನೋಡಿರಲಿಲ್ಲ. ಅವರು ಮೂರನ್ನೂ ನೋಡಿದ್ದರು. ವಾಪಸು ಬರುವಾಗ ಮುದುಕನ ಮನೆಯ ಬಾಗಿಲು ಬಡಿದು ವಿಚಾರಿಸಿದರು. ಜ್ವರ ಬಂದು ಮಲಗಿದ್ದ. ಡಾಕ್ಟರಿಗೆ ಹೇಳಿ ಕಳಿಸಿದರು. ಅವತ್ತಿನಿಂದ ನಾನು ಅವರ ಹಿಂದೆಯೇ ಸೈಕಲ್ ತುಳಿಯತೊಡಗಿದೆ.

ಹಾಗೆಂದು ಅವರಲ್ಲಿ ಎಲ್ಲವೂ ಮೆಚ್ಚುವಂಥದ್ದೇ ಎಂದು ಹೇಳಲಾರೆ. ತಂಗಿಯನ್ನು ಕಳಿಸಿಕೊಡಲು ರೈಲ್ವೆ ಸ್ಟೇಷನ್ನಿಗೆ ಹೋಗಿ, ರೈಲು ಹೋದ ಮೇಲೆ ಮುಟ್ಟಿದವರು. ಕಚೇರಿಯಿಂದ ಬಂದ ಪತ್ರಕ್ಕೆ ಉತ್ತರ ಬರೆಯಲು ಒಂದು ತಿಂಗಳು. ಹಟ ಹಿಡಿದರೆ ಗೋಡೆಯ ಜೊತೆ ಮಾತಾಡಬಹುದು, ಅವರ ಜೊತೆ ಸಾಧ್ಯವಿಲ್ಲ. "ಇವಳನ್ನು ಬೇಗ ಹೊರಡಿಸ್ಬೇಕು ಅಂದ್ರೆ ಹಿಂದಿನ ದಿನ ಹೊರಡಿಸ್ಬೇಕು" ಎಂದು ಟೈಲರ್ ಭಾವ ತಲೆ ಚಚ್ಚಿಕೊಳ್ಳುತ್ತಿದ್ದರು.

ಅವರ ಇಪ್ಪತ್ತೇಳನೇ ವರ್ಷದ ನೌಕರಿಯಲ್ಲಿ ಯಂತ್ರ ಬಂತು. ಹಲಗೆಗಳ ಪಕ್ಕ ಒಂದೊಂದು ಬೂದು ಬಣ್ಣದ ಪೆಟ್ಟಿಗೆ ಕೂರಿಸಿದರು. ಪೆಟ್ಟಿಗೆ ತಾನೇ ನೀರು ಅಳೆದು ಹತ್ತು ನಿಮಿಷಕ್ಕೊಮ್ಮೆ ಕಚೇರಿಗೆ ಕಳಿಸುತ್ತದೆ. ನಿಧಾನಕ್ಕನಿಗೆ ಕಡತಗಳ ಕೋಣೆಯಲ್ಲಿ ಒಂದು ಮೇಜು ಕೊಟ್ಟರು. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಕುರ್ಚಿಗೆ ಮೆತ್ತೆಯನ್ನೂ ಹಾಕಿಸಿಕೊಟ್ಟರು. ಅವರು ಬೆಳಗಿನಿಂದ ಸಂಜೆಯವರೆಗೆ ಕಡತಕ್ಕೆ ದಾರ ಕಟ್ಟುತ್ತ ಕೂತರು. ಮೂರು ತಿಂಗಳಲ್ಲಿ ಮುಖ ಬಾಡಿತು. ಮಧ್ಯಾಹ್ನ ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚಿಡುತ್ತಿದ್ದರು.

"ಏನಕ್ಕಾ, ಹಸಿವಿಲ್ವಾ?" ಎಂದು ಕೇಳಿದೆ.

"ಕೂತ ಕಡೆ ಹಸಿವು ಎಲ್ಲಿಂದ ಬರಬೇಕು ಮಾರಾಯ."

ಒಂದು ಭಾನುವಾರ ಅವರು ಸೈಕಲ್ ಹೊರಗೆ ತೆಗೆದರು. ಯಾರೂ ಹೇಳಿರಲಿಲ್ಲ, ಯಾರಿಗೂ ಬೇಕಿರಲಿಲ್ಲ. ಬೆಳಿಗ್ಗೆ ಹೊರಟು ಹನ್ನೊಂದೂ ಕಡೆ ನಿಂತು, ಮೂವತ್ತು ಎಣಿಸಿ, ಸಮುದ್ರ ನೋಡಿ ಬಂದರು. ಸಂಜೆ ಮನೆಗೆ ಬಂದವರು ನಾಲ್ಕು ಚಪಾತಿ ತಿಂದರು ಎಂದು ಟೈಲರ್ ಭಾವ ಮಾರನೇ ದಿನ ಬೀದಿಗೆಲ್ಲ ಹೇಳಿದರು.

ಮುಂದಿನ ಭಾನುವಾರ ಅವರ ಹಿಂದೆ ಟೀಚರಮ್ಮ ಬಂದರು. ಶಾಲೆಯಿಂದ ನಿವೃತ್ತರಾದವರು, ಮಂಡಿ ನೋವಿಗೆ ಡಾಕ್ಟರು ಸೈಕಲ್ ತುಳಿಯಲು ಹೇಳಿದ್ದರು. ಬೇರೆಯವರ ಜೊತೆ ಹೋದರೆ ಹಿಂದೆ ಬೀಳುತ್ತೇನೆ ಎಂಬ ಅಳುಕು ಅವರಿಗೆ. ನಿಧಾನಕ್ಕನ ಜೊತೆ ಹಿಂದೆ ಬೀಳುವ ಪ್ರಶ್ನೆಯೇ ಇರಲಿಲ್ಲ. ಆಮೇಲೆ ಬೇಕರಿಯವನೊಬ್ಬ ಸೇರಿದ. ಎದೆಯ ಆಪರೇಷನ್ ಮಾಡಿಸಿಕೊಂಡ ಬಸ್ ಕಂಡಕ್ಟರೊಬ್ಬ ಸೇರಿದ. ಬ್ಯಾಂಕಿನಲ್ಲಿದ್ದ ಗಂಡ ಹೆಂಡತಿ ಸೇರಿದರು. ವರ್ಷ ತುಂಬುವುದರಲ್ಲಿ ಭಾನುವಾರಕ್ಕೆ ಮೂವತ್ತು ಜನ ಆದರು. ಕಟ್ಟಳೆ ಒಂದೇ: ಎಲ್ಲರಿಗಿಂತ ನಿಧಾನ ಹೋಗುವವರನ್ನು ಯಾರೂ ದಾಟಬಾರದು. ಅಕ್ಕ ನಿಂತರೆ ಎಲ್ಲರೂ ನಿಲ್ಲಬೇಕು. ನಿಂತಲ್ಲಿ ಅವರು ಪಾಠ ಮಾಡುತ್ತಿರಲಿಲ್ಲ. "ಅಗೋ" ಎನ್ನುತ್ತಿದ್ದರು, ಅಷ್ಟೇ. ಎಲ್ಲರೂ ತಿರುಗಿ ನೋಡಿದರೆ ಕೆಸರಿನ ಮೇಲೆ ನೂರಾರು ಹಕ್ಕಿಗಳು ಒಂದೇ ದಿಕ್ಕಿಗೆ ಕೊಕ್ಕು ಮಾಡಿ ನಿಂತಿರುತ್ತಿದ್ದವು.

ಸುದ್ದಿ ಪುರಸಭೆಗೆ ಹೋಯಿತು. ಇಷ್ಟು ಜನ ಹೋಗುವುದಾದರೆ ಸರಿಯಾದ ಸೈಕಲ್ ದಾರಿಯನ್ನೇ ಮಾಡೋಣ ಎಂದು ಠರಾವಾಯಿತು. ದಾರಿ ಮಾಡುವ ಹೊಣೆ ನಮ್ಮ ಕಚೇರಿಗೆ, ಅಂದರೆ ನಮ್ಮ ಇಂಜಿನಿಯರಿಗೆ, ನಕ್ಷೆ ಬರೆಯುವ ಹೊಣೆ ನನಗೆ ಬಂತು. ಇಂಜಿನಿಯರು ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚುರುಕು. ಏರಿಯ ಮೇಲೆ ಜಲ್ಲಿ ಹಾಕಿಸಿದರು, ಅಲ್ಲಲ್ಲಿ ಬೆಂಚು ಹಾಕಿಸಿದರು. ತಕರಾರು ಬಂದದ್ದು ಏಳನೇ ಹಲಗೆಯ ಹತ್ತಿರ.

ಏಳನೇ ಹಲಗೆ ದಾಟಿದ ಮೇಲೆ ನದಿ ಎಡಕ್ಕೆ ಚಾಚಿಕೊಂಡು ದೊಡ್ಡದೊಂದು ಕೆಸರು ಬಯಲಾಗುತ್ತದೆ. ಏರಿ ಆ ಬಯಲನ್ನು ಸುತ್ತು ಹಾಕಿ ಹೋಗುತ್ತದೆ. ಆದರೆ ಬಯಲಿನ ನಡುವೆ ನೇರವಾಗಿ, ಎಂದೋ ಯಾರೋ ಹಾಸಿದ ಕಲ್ಲಿನ ದಾರಿಯೊಂದಿದೆ, ಎರಡು ಕಿಲೋಮೀಟರು ಉದ್ದ. ಅದರ ಮಧ್ಯದಲ್ಲಿ ಐದು ಮೆಟ್ಟಿಲಿನ ಕಲ್ಲು ಕಟ್ಟೆ; ಕಟ್ಟೆಗೆ ತಾಗಿ ಎಂಟನೇ ಹಲಗೆ. ಕಲ್ಲುದಾರಿಯಲ್ಲಿ ಹೋದರೆ ನಾಲ್ಕು ಕಿಲೋಮೀಟರು ಉಳಿಯುತ್ತದೆ. ಎರಡೂ ಕಡೆ ನೀರು ಹೊಳೆಯುತ್ತಿರುತ್ತದೆ. ಇಂಜಿನಿಯರು ಅದನ್ನು ನೋಡಿ ಮನಸೋತರು. ನಾನು ಕಾಗದದ ಮೇಲೆ ಆ ಗೆರೆ ಎಳೆದಾಗ, ನಿಜ ಹೇಳುತ್ತೇನೆ, ನೋಡಲು ಬಹಳ ಚೆನ್ನಾಗಿ ಕಂಡಿತು.

ನಿಧಾನಕ್ಕ ನಕ್ಷೆ ನೋಡಲು ಬಂದರು. ಬೆರಳನ್ನು ಏಳನೇ ಹಲಗೆಯ ಮೇಲೆ ಇಟ್ಟರು.

"ಸಾರ್, ಇಲ್ಲಿ ಬೇಡ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ನೀರು ಬರುತ್ತೆ."

"ನೋಡಿದೀನಿ ಅಕ್ಕ. ಏಳನೇ ಹಲಗೆಯ ಪೆಟ್ಟಿಗೆಯ ಒಂದು ವರ್ಷದ ಅಂಕಿ ನನ್ನ ಹತ್ರ ಇದೆ. ಎಷ್ಟೇ ದೊಡ್ಡ ಉಬ್ಬರ ಬಂದ್ರೂ ದಾರಿ ಒಂದು ಗೇಣು ಮೇಲೇ ಇರುತ್ತೆ."

"ಆ ಪೆಟ್ಟಿಗೆ ಕೂರಿಸಿರೋದು ತೂಬಿನ ಗೋಡೆ ಹಿಂದೆ ಸಾರ್. ಅಲ್ಲಿಗೆ ನೀರು ತಡವಾಗಿ ಬರುತ್ತೆ, ಕಮ್ಮಿನೂ ಬರುತ್ತೆ. ಮತ್ತೆ ಇನ್ನೊಂದು. ನೀರು ಎದುರಿಗೆ ಸಮುದ್ರದ ಕಡೆಯಿಂದ ಬರಲ್ಲ. ಹಿಂದೆ ಕಾಲುವೆ ಇದೆಯಲ್ಲ, ಅದರಲ್ಲಿ ಬಂದು ಮೊದಲು ಬೆನ್ನ ಹಿಂದೆ ತುಂಬುತ್ತೆ. ಮುಂದೆ ಹೋಗೋರಿಗೆ ಗೊತ್ತೇ ಆಗಲ್ಲ."

ಇಂಜಿನಿಯರು ನಯವಾಗಿಯೇ ಹೇಳಿದರು. "ಪೆಟ್ಟಿಗೆ ಕೂರಿಸಿದೋರು ಪರೀಕ್ಷೆ ಮಾಡಿಯೇ ಕೂರಿಸಿರ್ತಾರೆ ಅಕ್ಕ. ನಿಮ್ಮ ಅನುಭವ ದೊಡ್ಡದು, ಒಪ್ತೀನಿ. ಆದ್ರೆ ನಾನು ಅಂಕಿ ಬಿಟ್ಟು ಬಾಯಿಮಾತಿನ ಮೇಲೆ ದಾರಿ ಮಾಡೋಕೆ ಆಗುತ್ತಾ?"

ಬಾಯಿಮಾತು. ಇಪ್ಪತ್ತೇಳು ವರ್ಷ ದಿನಕ್ಕೆರಡು ಸಲ ಬರೆದ ಅಂಕಿಗಳು ಕಡತಗಳ ಕೋಣೆಯಲ್ಲಿ, ಅವರ ಕುರ್ಚಿಯ ಹಿಂದಿನ ಕಪಾಟಿನಲ್ಲೇ ಇದ್ದವು. ಅವರು ಅದನ್ನು ಹೇಳಲಿಲ್ಲ. ಮಾತು ನೆಟ್ಟಗೆ ಎದೆಗೆ ತಗುಲಿದಾಗ ಅವರು ಸುಮ್ಮನಾಗುವವರು. ನಾನು ಹೇಳಬಹುದಿತ್ತು. ಆ ಕಪಾಟು ನನಗೂ ಗೊತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ನಕ್ಷೆ ಅಚ್ಚಿಗೆ ಹೋಯಿತು.

ದಾರಿ ತೆರೆಯುವ ದಿನವನ್ನು ಗೊತ್ತು ಮಾಡಿದವರು ಪುರಸಭೆಯವರು. ಅದು ಹುಣ್ಣಿಮೆಯ ಮಾರನೇ ದಿನ. ಉಬ್ಬರ ಹನ್ನೊಂದೂ ಮುಕ್ಕಾಲಿಗೆ. ಎಂಟಕ್ಕೆ ಹೊರಟರೆ ಒಂಬತ್ತೂವರೆಯೊಳಗೆ ಎಲ್ಲರೂ ಕಲ್ಲುದಾರಿ ದಾಟಿರುತ್ತಾರೆ ಎಂದು ನಿಧಾನಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಪ್ಪಿದ್ದರು. ಆದರೆ ಭಾಷಣಗಳು ಎಂಟಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿದವು. ಎಂಬತ್ತು ಜನ ಸೈಕಲ್ ಸವಾರರು ಹೊರಟರು. ಚುರುಕಾದವರು ಮುಂದೆ ಹಾರಿಹೋದರು. ಹತ್ತು ಗಂಟೆಯೊಳಗೆ ಕಲ್ಲುದಾರಿಯ ಆಚೆ ತುದಿಯಲ್ಲಿದ್ದರು. ಹಿಂದೆ ಉಳಿದವರು ಹದಿನೇಳು ಜನ. ಟೀಚರಮ್ಮ, ಬೇಕರಿಯವ, ಕಂಡಕ್ಟರು, ಬ್ಯಾಂಕಿನ ಗಂಡ ಹೆಂಡತಿ, ಫೋಟೊ ತೆಗೆಯುವವರು ಕೆಲವರು, ಅವರಿಗೆ ದಾರಿಯ ವಿಶೇಷ ವಿವರಿಸುತ್ತಿದ್ದ ಇಂಜಿನಿಯರು, ಅವರ ಚೀಲ ಹೊತ್ತ ನಾನು. ನಾವು ಏಳನೇ ಹಲಗೆ ದಾಟಿ ಕಲ್ಲುದಾರಿಗೆ ಇಳಿದಾಗ ಹತ್ತೂ ಕಾಲು. ಕಲ್ಲು ಒಣಗಿತ್ತು. ಎದುರಿಗೆ ಸಮುದ್ರ ಎಲ್ಲೋ ದೂರ ಬೆಳ್ಳಿಯ ಗೆರೆಯ ಹಾಗಿತ್ತು.

ನಿಧಾನಕ್ಕ ಎಲ್ಲರಿಗಿಂತ ಹಿಂದಿದ್ದರು. ಏಳನೇ ಹಲಗೆಗೆ ಬಂದು ಅಭ್ಯಾಸಬಲದಿಂದ ಇಳಿದರು, ಮೂವತ್ತು ಎಣಿಸಿದರು. ಅಂಕಿ ನೋಡಿದರು. ಹಿಂದೆ ಕಾಲುವೆಯ ಕಡೆ ತಿರುಗಿದರು. ನೀರು ಆಗಲೇ ಕಲ್ಲುದಾರಿಯ ಬುಡವನ್ನು ನೆಕ್ಕುತ್ತಿತ್ತು. ಅವರು ಅಲ್ಲೇ ಏರಿಯ ಮೇಲೆ ನಿಂತಿದ್ದರೆ ಕಾಲು ಕೂಡ ಒದ್ದೆಯಾಗುತ್ತಿರಲಿಲ್ಲ. ಸೈಕಲ್ ಹತ್ತಿ ಕಲ್ಲುದಾರಿಗೆ ಇಳಿದರು.

ನಾವು ಕಟ್ಟೆಯಿಂದ ಇನ್ನೂರು ಮೀಟರು ಮುಂದೆ ಹೋಗಿದ್ದೆವು. ಹಿಂದಿನಿಂದ ಬೆಲ್ಲಿನ ಸದ್ದು ಬಿಡದೆ ಕೇಳಿಸಿತು. ತಿರುಗಿ ನೋಡಿದೆ. ನಿಧಾನಕ್ಕ ಪೆಡಲ್ ಮೇಲೆ ನಿಂತು ತುಳಿಯುತ್ತ ಬರುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ಹಾಗೆ ತುಳಿದದ್ದನ್ನು ನಾನು ಕಂಡಿರಲಿಲ್ಲ. ಅವರ ಹಿಂದೆ, ನಾವು ಆಗತಾನೆ ಬಂದ ದಾರಿ ಇರಲಿಲ್ಲ. ಅಲ್ಲಿ ನೀರಿತ್ತು.

ಹತ್ತಿರ ಬಂದು ಒಂದು ಕಾಲೂರಿ ನಿಂತರು. ಏದುಸಿರು ಬಿಡುತ್ತಿದ್ದರು, ಆದರೆ ದನಿ ಏರಿಸಲಿಲ್ಲ.

"ಎಲ್ಲರೂ ವಾಪಸ್ ಕಟ್ಟೆಗೆ ನಡೀರಿ. ಸೈಕಲ್ ಬಿಡ್ಬೇಡಿ, ಒತ್ಕೊಂಡು ಬನ್ನಿ."

ಬ್ಯಾಂಕಿನಾತ, "ಮುಂದೆ ಒಣಗಿದೆಯಲ್ಲ ಅಕ್ಕ, ಜೋರಾಗಿ ಹೊಡೆದ್ರೆ ಐದು ನಿಮಿಷ" ಎಂದ. ಇಂಜಿನಿಯರಿಗೂ ಹಾಗೇ ಅನ್ನಿಸಿತು. ಅವರ ಮುಖ ಬಿಳಿಚಿಕೊಂಡಿತ್ತು. "ಹೌದು, ಮುಂದೆ ಹೋಗಿಬಿಡೋಣ. ಇಲ್ಲಿ ನಿಂತು ಏನು ಮಾಡೋದು?"

"ಆ ತುದೀಲಿ ನೂರು ಮೀಟರು ಕಲ್ಲು ಕುಸಿದು ತಗ್ಗಾಗಿದೆ ಸಾರ್. ನಾವು ಮುಟ್ಟೋದ್ರೊಳಗೆ ಅಲ್ಲಿ ಸೊಂಟದ ಮಟ್ಟ ನೀರಿರುತ್ತೆ, ಸೆಳೆತಾನೂ ಇರುತ್ತೆ. ಟೀಚರಮ್ಮ ನಿಲ್ತಾರಾ ಅದರಲ್ಲಿ?"

ಅಷ್ಟರಲ್ಲಿ ಬ್ಯಾಂಕಿನ ಗಂಡ ಹೆಂಡತಿ ಹೊರಟೇಬಿಟ್ಟಿದ್ದರು. ಅಕ್ಕ ಅವರನ್ನು ಕೂಗಲಿಲ್ಲ. ಉಳಿದವರನ್ನು ಮೊದಲು ಕಟ್ಟೆ ಹತ್ತಿಸಿದರು. ಸೈಕಲ್ಲುಗಳನ್ನು ಒಂದರ ಮೇಲೊಂದು ಮಲಗಿಸಿ ಚೈನು ಹಾಕಿ ಕಟ್ಟಿಸಿದರು. ಆಮೇಲೆ ನನ್ನ ಕೈಯಲ್ಲಿ ಪೆನ್ಸಿಲ್ ಕೊಟ್ಟು, "ಹತ್ತು ನಿಮಿಷಕ್ಕೊಂದು ಸಲ ಹಲಗೆ ಓದು, ಜೋರಾಗಿ ಓದು, ಎಲ್ಲರಿಗೂ ಕೇಳಿಸ್ಲಿ" ಎಂದು ಹೇಳಿ ಗಂಡ ಹೆಂಡತಿ ಹೋದ ಕಡೆಗೆ ನಡೆದು ಹೋದರು. ಸ್ವಲ್ಪ ಹೊತ್ತಿಗೆ ಮೂವರೂ ಕಾಣಿಸಿಕೊಂಡರು. ಹೆಂಡತಿಯ ಸೈಕಲ್ ಸೆಳೆತಕ್ಕೆ ಹೋಗಿತ್ತು. ಅಕ್ಕ ಆಕೆಯ ತೋಳನ್ನು ಹಿಡಿದುಕೊಂಡು, ಮೊಣಕಾಲುದ್ದ ನೀರಿನಲ್ಲಿ, ಒಂದೊಂದು ಕಲ್ಲನ್ನೂ ಕಾಲಲ್ಲಿ ತಡವಿ ನೋಡಿ ಹೆಜ್ಜೆ ಇಡಿಸುತ್ತ ಕರೆತಂದರು.

ಇಂಜಿನಿಯರು ಫೋನಿನಲ್ಲಿ ದೋಣಿಗೆ ಹೇಳಿದ್ದರು. ದೋಣಿ ಬಂದೇ ಬಂತು, ಆದರೆ ಕಲ್ಲುಗಳ ಮೇಲಿನ ಸೆಳೆತಕ್ಕೆ ಹೆದರಿ ದೂರದಲ್ಲೇ ಲಂಗರು ಹಾಕಿ ನಿಂತಿತು. ಇಂಜಿನಿಯರು ಕಟ್ಟೆಯ ಅಂಚಿನಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದಾಡುತ್ತಿದ್ದರು. ಮೊದಲ ಮೆಟ್ಟಿಲು ಮುಳುಗಿತು, ಎರಡನೆಯದು ಮುಳುಗಿತು.

"ಸಾರ್, ಕೂತ್ಕೊಳ್ಳಿ" ಎಂದರು ನಿಧಾನಕ್ಕ. "ನೀವು ನಡೆದಾಡಿದ್ರೆ ಬೇರೆಯವರಿಗೂ ಭಯ ಆಗುತ್ತೆ."

ಅವರು ಕೂತರು. ಎಲ್ಲರೂ ಕೂತರು. ಸುತ್ತ ಎಲ್ಲಿ ನೋಡಿದರೂ ನೀರು. ನಡುವೆ ಒಂದು ಕೋಣೆಯಷ್ಟು ಅಗಲದ ಕಲ್ಲಿನ ಮೇಲೆ ಹದಿನೆಂಟು ಜನ.

"ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಒಬ್ಬಳೇ ಇಲ್ಲಿ ಸಿಕ್ಕಿಬಿದ್ದಿದ್ದೆ" ಎಂದು ಅವರು ಶುರುಮಾಡಿದರು. "ಮೂರು ಗಂಟೆ ಕೂತಿದ್ದೆ. ಆಮೇಲೆ ನೀರು ಬಂದ ಹಾಗೇ ಹೋಯ್ತು. ನೀರು ಎಲ್ಲಿವರೆಗೆ ಬಂದಿತ್ತೋ ಅಲ್ಲಿ ಹಲಗೆ ಮೇಲೆ ಕೆಸರಿನ ಗೆರೆ ಉಳಿಯುತ್ತೆ. ಅವತ್ತಿಂದ ದಿನಾ ಆ ಗೆರೆ ನೋಡಿದೀನಿ. ಅದು ಈ ಕಟ್ಟೆ ದಾಟಿದ್ದು ಎರಡೇ ಸಲ, ಎರಡು ಸಲವೂ ದೊಡ್ಡ ಬಿರುಗಾಳಿ ಇತ್ತು. ಇವತ್ತು ನೋಡಿ, ಟೀಚರಮ್ಮನ ಕೊಡೆ ಕೂಡ ಅಲ್ಲಾಡ್ತಿಲ್ಲ."

ಟೀಚರಮ್ಮ ಹಳೆ ಅಭ್ಯಾಸದಂತೆ ಹಾಜರಿ ಕರೆದರು. ಉಳಿದ ಹದಿನೇಳು ಜನವೂ ಒಬ್ಬೊಬ್ಬರಾಗಿ "ಇದ್ದೀನಿ ಟೀಚರ್" ಎಂದರು, ಇಂಜಿನಿಯರೂ ಅಂದರು. ಬೇಕರಿಯವನು ಚೀಲದಿಂದ ಬನ್ನು ತೆಗೆದು ಹಂಚಿದ. ಒದ್ದೆಯಾಗಿ ನಡುಗುತ್ತಿದ್ದ ಬ್ಯಾಂಕಿನಾಕೆಗೆ ಕಂಡಕ್ಟರು ತನ್ನ ಸ್ವೆಟರ್ ಕೊಟ್ಟ. ಮೂರನೇ ಮೆಟ್ಟಿಲು ಮುಳುಗಿದಾಗ ಆಕೆ ಅಳತೊಡಗಿದಳು. ಅಕ್ಕ ಆಕೆಯ ಪಕ್ಕಕ್ಕೆ ಸರಿದು ಕೂತು, ನೀನೂ ಎಣಿಸು ಎಂದರು. ಇಬ್ಬರೂ ಮೂವತ್ತರವರೆಗೆ ಎಣಿಸುವರು, ಅಂಕಿ ನೋಡುವರು, ಮತ್ತೆ ಎಣಿಸುವರು. ಆಮೇಲಾಮೇಲೆ ನಾವೆಲ್ಲರೂ ಎಣಿಸುತ್ತಿದ್ದೆವು.

ನಾಲ್ಕನೇ ಮೆಟ್ಟಿಲು ಹನ್ನೊಂದೂವರೆಗೆ ಮುಳುಗಿತು. ಐದನೆಯದರ ಮೇಲೆ ನಮ್ಮ ಪಾದಗಳಿದ್ದವು. ನಾನು ಓದಿದೆ: ಮೂರು ಅರವತ್ತು. ಹತ್ತು ನಿಮಿಷದ ಮೇಲೆ: ಮೂರು ಅರವತ್ತೈದು. ಮತ್ತೆ ಹತ್ತು ನಿಮಿಷ: ಮೂರು ಅರವತ್ತೈದು. ಅದರ ಮುಂದಿನ ಸಲ ಮೂರು ಅರವತ್ತು ಎಂದಾಗ ಇಂಜಿನಿಯರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಒಂದೂವರೆಗೆ ಕಲ್ಲುದಾರಿ ಮತ್ತೆ ಮೇಲೆದ್ದಿತು, ಕೆಸರು ಮೆತ್ತಿಕೊಂಡು. ಅಕ್ಕ ಮೊದಲು ಇಳಿದರು, ಕಾಲೂರಿ ನೋಡಿದರು, ಬನ್ನಿ ಎಂದರು.

ಮಾರನೇ ದಿನ ಬೆಳಿಗ್ಗೆ ಇಂಜಿನಿಯರು ಕಡತಗಳ ಕೋಣೆಗೆ ಬಂದರು. ನಾನೂ ಅಲ್ಲಿದ್ದೆ. ಅವರು ಕುರ್ಚಿ ಎಳೆದುಕೊಂಡು ಅಕ್ಕನ ಎದುರಿಗೆ ಕೂತರು.

"ನಿಮ್ಮ ಹಳೆ ಪುಸ್ತಕಗಳು ಎಲ್ಲಿವೆ ಅಕ್ಕ?"

ಅಕ್ಕ ಹಿಂದಕ್ಕೆ ತಿರುಗಿ ಕಪಾಟು ತೆರೆದರು. ನಾನು ಅಲ್ಲೇ ತಪ್ಪೊಪ್ಪಿಕೊಂಡೆ, ಇದು ನನಗೆ ಗೊತ್ತಿತ್ತು ಸಾರ್, ನಾನು ಹೇಳಬೇಕಿತ್ತು ಎಂದು. ಇಂಜಿನಿಯರು ನನ್ನ ಮುಖ ನೋಡಿದರು. "ನಾನು ಕೇಳಬೇಕಿತ್ತು" ಎಂದರು. ಅಕ್ಕ ಏಳನೇ ಹಲಗೆಯ ಪುಸ್ತಕ ಹುಡುಕಿ ಮೇಜಿನ ಮೇಲಿಟ್ಟು ಧೂಳು ಒರೆಸಿದರು. ನಾನು ಕಾದಿದ್ದ ಬೈಗುಳ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೂರು ವಾರ ಇಂಜಿನಿಯರು ಸಂಜೆ ಮನೆಗೆ ಹೋಗುವ ಮುಂಚೆ ಒಂದು ಗಂಟೆ ಆ ಪುಸ್ತಕಗಳನ್ನು ಓದಿದರು. ಪೆಟ್ಟಿಗೆಯನ್ನು ತೂಬಿನ ಗೋಡೆಯ ಹಿಂದಿನಿಂದ ಕಿತ್ತು ಮುಂದೆ ಕೂರಿಸಿದರು. ದಾರಿಯನ್ನು ಏರಿಯ ಮೇಲೆ, ಬಯಲು ಸುತ್ತಿಕೊಂಡು ಹೋಗುವ ಹಾಗೆ ಬದಲಾಯಿಸಿದರು. ನಾನು ಹೊಸ ನಕ್ಷೆ ಬರೆದೆ. ಕಲ್ಲುದಾರಿಯ ಎರಡೂ ತುದಿಗೆ ಗೇಟು ಬಂತು. ಅಕ್ಕನಿಗೆ ಕಡತದ ದಾರ ಕಟ್ಟುವ ಕೆಲಸ ತಪ್ಪಿತು. ಅಳಿವೆ ದಾರಿಯನ್ನು ನೋಡಿಕೊಳ್ಳುವ ಹುದ್ದೆಯೊಂದನ್ನು ಮಾಡಿ, ನಿವೃತ್ತಿಯವರೆಗೆ ಅವರನ್ನೇ ಅದರಲ್ಲಿ ಇರಿಸಿದರು. ಬಿರುಕು, ಬಿಲ, ಮುರಿದ ಬೆಂಚು, ಎಲ್ಲವನ್ನೂ ಅವರು ಕಚೇರಿಗೆ ವರದಿ ಮಾಡುತ್ತಿದ್ದರು. ವರದಿ ತಡವಾಗಿ ಬರುತ್ತಿತ್ತು, ಆದರೆ ಅದರಲ್ಲಿ ತಪ್ಪಿರುತ್ತಿರಲಿಲ್ಲ.

ಈಗ ಅವರಿಗೆ ಅರವತ್ತನಾಲ್ಕು. ದಾರಿ ಚೆನ್ನಾಗಿ ನಡೆಯುತ್ತಿದೆ. ರಜೆಯ ದಿನಗಳಲ್ಲಿ ಇನ್ನೂರು ಮುನ್ನೂರು ಜನ ಬರುತ್ತಾರೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡವರು, ಬಾಡಿಗೆ ಸೈಕಲ್ಲಿನವರು, ಹೊಸದಾಗಿ ಮದುವೆಯಾದವರು. ಇಡೀ ದಾರಿಯಲ್ಲಿ ಏರು ಎನ್ನುವುದೇ ಇಲ್ಲ, ಯಾರು ಬೇಕಾದರೂ ಹೋಗಬಹುದು. ಬ್ಯಾಂಕಿನಾಕೆ ಹೊಸ ಸೈಕಲ್ ತೆಗೆದುಕೊಂಡಳು, ಈಗಲೂ ಭಾನುವಾರ ತಪ್ಪಿಸುವುದಿಲ್ಲ. ಟೀಚರಮ್ಮ ಹೋದ ವರ್ಷ ತೀರಿಕೊಂಡರು. ಕೊನೆಯ ಎರಡು ತಿಂಗಳು ಬಿಟ್ಟರೆ ಅವರೂ ತಪ್ಪಿಸಿದವರಲ್ಲ.

ಹೋದ ತಿಂಗಳು ಒಂದು ವಾರದ ದಿನ ರಜೆ ಹಾಕಿ ನಾನು ಅಕ್ಕನ ಜೊತೆ ಹೋದೆ, ನಾವಿಬ್ಬರೇ. ಸಮುದ್ರ ಮುಟ್ಟಿದಾಗ ಹನ್ನೆರಡು ಗಂಟೆ. ದೀಪಸ್ತಂಭದ ನೆರಳಿನಲ್ಲಿ ಕೂತು ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ನಾನು ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಅಕ್ಕ, ಅವತ್ತು ಕಟ್ಟೆ ಮೇಲೆ ನಿಮಗೆ ಒಂಚೂರೂ ಹೆದರಿಕೆ ಆಗಲಿಲ್ವಾ?"

ಅವರು ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು.

"ಮೂರು ಅರವತ್ತೈದು ಅಂತ ನೀನು ಎರಡನೇ ಸಲ ಓದಿದೆ ನೋಡು, ಆಗ ಆಯ್ತು. ಇವನು ಸರಿಯಾಗಿ ಎಣಿಸಿದ್ನೋ ಇಲ್ವೋ ಅಂತ. ನಾನೂ ಇನ್ನೊಂದು ಸಲ ಎಣಿಸಿದೆ."

"ಸರಿಯಾಗಿತ್ತಾ?"

"ಸರಿಯಾಗಿತ್ತು" ಎಂದರು. ಚಹಾದ ಮುಚ್ಚಳವನ್ನು ಒದರಿ ಫ್ಲಾಸ್ಕಿಗೆ ಹಾಕಿದರು. ಮರಳಿನ ಮೇಲೆ ಟವೆಲ್ ಹಾಸಿ, ಅರ್ಧ ಗಂಟೆಗೆ ಎಬ್ಬಿಸು ಎಂದು ಹೇಳಿ ಮಲಗಿದರು. ಒಂದು ಗಂಟೆ ಆದ ಮೇಲೆ ಎಬ್ಬಿಸಿದೆ.